ಮಲೆನಾಡಿನ ಮಳೆಗೆ ಪಳಗಿದ ಮೊಪೆಡ್

ತೀರ್ಥಹಳ್ಳಿಯಿಂದ ಸುಮಾರು 18 ಕಿ.ಮೀ. ದೂರದ ಕವಲೇದುರ್ಗದ ಕೋಟೆಗೆ ಹತ್ತುವ ದಾರಿಗೆ ಉದ್ದಕ್ಕೂ ಕಲ್ಲು ಹಾಸಲಾಗಿದೆ. 17ನೇ ಶತಮಾನದಲ್ಲಿ ಕೆಳದಿಯ ವೆಂಕಟಪ್ಪ ನಾಯಕನ ಕಾಲದಲ್ಲಿ ಬಲಗೊಂಡ ಕೋಟೆ ಇದು. ಬರಿ ಮಣ್ಣಿನ ದಾರಿಯಾಗಿದ್ದರೆ ಒಂದೇ ಆಷಾಢಕ್ಕೆ ಕೊಚ್ಚಿಹೋಗುತ್ತಿತ್ತು. ಆದರೆ ಅಂಥ ಕಲ್ಲಿನ ದಾರಿಯ ಭಾಗ್ಯ ಅರಸರ ಕೋಟೆಗೆ ಮಾತ್ರ. ಸುತ್ತಲಿನ ಊರುಗಳ ಸಾಗಾಟವೆಲ್ಲ ಹೇರೆತ್ತುಗಳ ಬೆನ್ನ ಮೇಲೆ, ಅದೂ ಒಣ ತಿಂಗಳುಗಳಲ್ಲಿ. ಮೆಣಸು, ಅಕ್ಕಿ ಘಟ್ಟ ಇಳಿಯುತ್ತಿದ್ದುದು, ಉಪ್ಪು ಘಟ್ಟ ಏರುತ್ತಿದ್ದುದು ಬೇಸಿಗೆಯಲ್ಲೇ. ಮಳೆ ಹಿಡಿಯಿತೆಂದರೆ ಗೊರಬು, ಕಂಬಳಿಕೊಪ್ಪೆ ಹೊದ್ದು ಗದ್ದೆಗೆ ಹೋಗಿಬರುವುದಷ್ಟೇ ಪ್ರಯಾಣ.

ಮಳೆಗಾಲದಲ್ಲೂ ದಿನಂಪ್ರತಿ ಪೇಟೆಗೆ ಹೋಗಿ ಸಂಜೆ ಮನೆಗೆ ಮರಳುವುದು ಸಾಮಾನ್ಯ ಮನುಷ್ಯನ ಪಾಲಿಗೆ ತೀರ ಈಚಿನ ಸಂಗತಿ. ಶಾಲೆಯ ಮೇಷ್ಟ್ರು, ಸೊಸೈಟಿಯ ಗುಮಾಸ್ತ, ಡೈರಿಗೆ ಹಾಲು ಹಾಕುವವರು, ಅಂಗಡಿಯ ಕೆಲಸಕ್ಕೆ ಹೋಗುವ ಹುಡುಗ, ಇವರಿಗೆಲ್ಲ ರಜೆ ಕೊಡಲು ಮಳೆಗೆ ಅಧಿಕಾರವಿಲ್ಲ. ಬಸ್ಸು ನಿಲ್ಲುವುದು ಡಾಂಬರು ರಸ್ತೆಯಲ್ಲಿ, ಮನೆ ಇರುವುದು ಅಲ್ಲಿಂದ ಎರಡು ಮೂರು ಮೈಲಿ ಒಳಗೆ. ಸೈಕಲ್ಲನ್ನು ಏರಿನಲ್ಲಿ ತಳ್ಳಬೇಕು. ಮೋಟಾರ್ ಸೈಕಲ್ಲಿನ ಬೆಲೆ ಎಲ್ಲರ ಕೈಗೆ ಎಟುಕದು. ಈ ನಡುವಿನ ಜಾಗಕ್ಕೆ ಬಂದು ಕುಳಿತದ್ದು ಮೊಪೆಡ್.

ಮೋಟಾರ್ ಮತ್ತು ಪೆಡಲ್ ಎರಡನ್ನೂ ಕೂಡಿಸಿದ ಈ ಹೆಸರು 1952ರಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿತು. ಅದಕ್ಕೂ ಮೊದಲೇ, 1946ರಲ್ಲಿ, ಫ್ರಾನ್ಸಿನಲ್ಲಿ ವೆಲೋಸೊಲೆಕ್ಸ್ ಮಾರುಕಟ್ಟೆಗೆ ಬಂದಿತ್ತು. ಅದರ ಪುಟ್ಟ ಎಂಜಿನ್ ಮುಂದಿನ ಚಕ್ರದ ಮೇಲೆ ಕುಳಿತು, ಒಂದು ಉರುಳೆಯಿಂದ ಟೈರನ್ನೇ ಉಜ್ಜಿ ತಿರುಗಿಸುತ್ತಿತ್ತು. ಟೈರು ನೆನೆದರೆ ಉರುಳೆ ಜಾರುತ್ತಿತ್ತು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7 ಸಾವಿರ ಮಿಲಿಮೀಟರಿಗೂ ಮೇಲೆ ಮಳೆ. ಆ ಯಂತ್ರ ಇಲ್ಲಿಗೆ ಬಂದಿದ್ದರೆ ಅದರ ಗತಿ ಏನಾಗುತ್ತಿತ್ತೆಂದು ಊಹಿಸಬಹುದು! ಭಾರತದಲ್ಲಿ ನೆಲೆಯೂರಿದ್ದು ಸರಪಳಿ ಎಳೆಯುವ ಮಾದರಿಗಳು. ತಿರುಪತಿಯಲ್ಲಿ ಫ್ರೆಂಚ್ ತಂತ್ರಜ್ಞಾನದ ಸುವೇಗ, 1972ರಲ್ಲಿ ಪುಣೆಯ ಕೈನೆಟಿಕ್ ಸಂಸ್ಥೆಯ ಲೂನಾ, 1980ರಲ್ಲಿ ಬೆಂಗಳೂರಿಗೆ ಸಮೀಪದ ಹೊಸೂರಿನಿಂದ ಟಿವಿಎಸ್ 50. ಇಬ್ಬರು ಕೂರಬಹುದಾದ ದೇಶದ ಮೊದಲ ಮೊಪೆಡ್ ಇದು. ಗೇರಿನ ಗೊಡವೆ ಇಲ್ಲ, ಕಾಲ ಬಳಿ ಒಂದು ಮೂಟೆ ಇಡಲು ಜಾಗ ಉಂಟು. ಹೇರೆತ್ತಿನ ಕೆಲಸವನ್ನು ಸದ್ದಿಲ್ಲದೆ, ಅಲ್ಲ, ಸಾಕಷ್ಟು ಸದ್ದು ಮಾಡಿಯೇ ಅದು ವಹಿಸಿಕೊಂಡಿತು.

ಆದರೆ ಬಯಲುಸೀಮೆಯ ಒಣ ರಸ್ತೆಗೆ ಹೇಳಿಮಾಡಿಸಿದಂತಿದ್ದ ಈ ಗಾಡಿ ಮಲೆನಾಡಿನಲ್ಲಿ ಬಾಳಬೇಕಾದರೆ ಅದರ ಒಡೆಯ ಅರ್ಧ ಮೆಕ್ಯಾನಿಕ್ ಆಗಲೇಬೇಕಿತ್ತು. ಮೊದಲ ಪಾಠ ಸ್ಪಾರ್ಕ್ ಪ್ಲಗ್ಗಿನದು. ಎರಡು ಸ್ಟ್ರೋಕಿನ ಎಂಜಿನ್ನಿಗೆ ಬೇರೆ ಎಣ್ಣೆಯ ತೊಟ್ಟಿ ಇರಲಿಲ್ಲ. ಪೆಟ್ರೋಲಿಗೇ ಎಣ್ಣೆ ಬೆರೆಸಬೇಕು, ಮಾದರಿಗೆ ತಕ್ಕಂತೆ ಲೀಟರಿಗೆ ಸುಮಾರು 20ರಿಂದ 40 ಮಿಲಿಲೀಟರ್. ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ, ಹೆಚ್ಚಾದರೆ ಪ್ಲಗ್ಗಿಗೆ ಮಸಿ ಕಟ್ಟುತ್ತದೆ. ಏರಿನಲ್ಲಿ ನಿಧಾನವಾಗಿ ಏದುಸಿರು ಬಿಡುತ್ತ ಸಾಗುವ ಗಾಡಿಗೆ ಮಸಿ ಇನ್ನೂ ಬೇಗ. ಹಾಗಾಗಿ ಸೀಟಿನ ಕೆಳಗೆ ಒಂದು ಪ್ಲಗ್ ಸ್ಪ್ಯಾನರ್, ಒಂದು ತುಂಡು ಉಜ್ಜುಕಾಗದ, ಒಣಬಟ್ಟೆ ಇರಲೇಬೇಕು. ಪ್ಲಗ್ ಬಿಚ್ಚಿ, ಉಜ್ಜಿ, ಒಲೆಯ ಬಿಸಿಗೆ ಹಿಡಿದು ಮತ್ತೆ ತಿರುಗಿಸಿದರೆ ಸತ್ತಂತಿದ್ದ ಎಂಜಿನ್ ಎದ್ದುಕೂರುತ್ತಿತ್ತು. ಮಲೆನಾಡಿನ ಮನೆಗಳಲ್ಲಿ ಬಚ್ಚಲ ಹಂಡೆಯ ಒಲೆ ಮಳೆಗಾಲವಿಡೀ ಉರಿಯುತ್ತದೆ. ನೆನೆದ ಕಂಬಳಿಯ ಪಕ್ಕದಲ್ಲಿ ಪ್ಲಗ್ಗಿಗೂ ಒಂದು ಜಾಗ ಸಿಕ್ಕಿದ್ದು ಸಹಜವೇ.

ಎರಡನೆಯ ಶತ್ರು ತೇವ. ಪ್ಲಗ್ಗಿಗೆ ಹೋಗುವ ತಂತಿಯಲ್ಲಿ ಸಾವಿರಾರು ವೋಲ್ಟ್ ವಿದ್ಯುತ್ ಹರಿಯುತ್ತದೆ. ತಂತಿಯ ರಬ್ಬರು ಬಿರಿದಿದ್ದರೆ ಕಿಡಿ ಪ್ಲಗ್ಗಿಗೆ ತಲುಪುವ ಮೊದಲೇ ಒದ್ದೆ ಕಬ್ಬಿಣಕ್ಕೆ ಹಾರಿಬಿಡುತ್ತದೆ. ಇದಕ್ಕೆ ಅಗ್ಗದ ಮದ್ದು ಹಳೆಯ ಸೈಕಲ್ ಟ್ಯೂಬಿನ ತುಂಡು. ಅದನ್ನು ಪ್ಲಗ್ಗಿನ ಟೋಪಿಯ ಮೇಲೆ ಬಿಗಿಯಾಗಿ ತೊಡಿಸಿದರೆ ಆಯಿತು. ಮ್ಯಾಗ್ನೆಟೊ ಒಳಗಿನ ಕಾಂಟ್ಯಾಕ್ಟ್ ಪಾಯಿಂಟುಗಳದು ಇನ್ನೂ ನಾಜೂಕು. ತೇವಕ್ಕೆ ಅವುಗಳ ಮುಖ ಕಪ್ಪಾಗುತ್ತದೆ, ಕಿಡಿ ಮಂಕಾಗುತ್ತದೆ. ಸಣ್ಣ ಅರದಿಂದ ಉಜ್ಜಿ, ನಡುವಿನ ಸಂದನ್ನು ಸುಮಾರು 0.4 ಮಿಲಿಮೀಟರಿಗೆ ಹೊಂದಿಸಬೇಕು. ಗೇಜು ಇಲ್ಲದವರಿಗೆ ವಿಸಿಟಿಂಗ್ ಕಾರ್ಡಿನ ದಪ್ಪವೇ ಅಳತೆ.

ಉಳಿದದ್ದು ಕೆಸರಿನ ಪುರಾಣ. ಜಂಬಿಟ್ಟಿಗೆಯ ಕೆಂಪು ಮಣ್ಣು ಮಡ್‌ಗಾರ್ಡಿನೊಳಗೆ ಮೆತ್ತಿಕೊಂಡು ಚಕ್ರವನ್ನೇ ಹಿಡಿದು ನಿಲ್ಲಿಸುವುದುಂಟು. ಕಡ್ಡಿಯಿಂದ ಕೆರೆದು ತೆಗೆಯುವ ಹೊತ್ತಿಗೆ ಇಂಬಳಗಳು ಕಾಲೇರಿರುತ್ತವೆ. ಹಳ್ಳ ದಾಟಿದ ಮೇಲೆ ಬ್ರೇಕಿನ ಡ್ರಮ್ಮಿನೊಳಗೆ ನೀರು. ಆಗ ಸ್ವಲ್ಪ ದೂರ ಬ್ರೇಕನ್ನು ಹಗುರವಾಗಿ ಒತ್ತಿಹಿಡಿದೇ ಓಡಿಸಿ, ಅದರ ಬಿಸಿಗೆ ನೀರು ಆರುವಂತೆ ಮಾಡಬೇಕು. ಇದು ಗೊತ್ತಿಲ್ಲದೆ ಇಳಿಜಾರಿಗೆ ಇಳಿದರೆ ಅಪಾಯ. ಸರಪಳಿಗೆ ಹಾಕಿದ ಎಣ್ಣೆಯನ್ನು ಮಳೆನೀರು ತೊಳೆದುಹಾಕುವುದರಿಂದ ವಾರಕ್ಕೊಮ್ಮೆಯಾದರೂ ಮತ್ತೆ ಹಾಕಬೇಕು. ಸೈಲೆನ್ಸರಿನಲ್ಲಿ ಮಸಿ ತುಂಬಿ ಗಾಡಿ ಏರು ಹತ್ತದಾದರೆ ಅದನ್ನು ಬಿಚ್ಚಿ ಬೆಂಕಿಗೆ ಹಾಕಿ ಸುಡುವುದೇ ರೂಢಿ.

ಧನುರ್ಮಾಸದ ಚಳಿಯದು ಬೇರೆ ತಕರಾರು. ಮಂಜು ಕವಿದ ಬೆಳಗಿನ ಜಾವ ಪೆಟ್ರೋಲು ಸುಲಭವಾಗಿ ಆವಿಯಾಗದು. ಚೋಕ್ ಎಳೆದರೆ ಗಾಳಿ ಕಡಿಮೆಯಾಗಿ ಪೆಟ್ರೋಲಿನ ಪಾಲು ಹೆಚ್ಚುತ್ತದೆ, ಎಂಜಿನ್ ಹೊತ್ತಿಕೊಳ್ಳುತ್ತದೆ. ಆದರೆ ಬಿಸಿಯಾದೊಡನೆ ಚೋಕ್ ಬಿಡದಿದ್ದರೆ ಮತ್ತೆ ಪ್ಲಗ್ ಒದ್ದೆ. ದೀಪದ ಅವಸ್ಥೆಯಂತೂ ಕೇಳುವಂತಿಲ್ಲ. ಎಂಜಿನ್ ತಿರುಗಿದಷ್ಟೇ ಬೆಳಕು. ಏರಿನಲ್ಲಿ ಗಾಡಿ ಸೋತರೆ ದೀಪವೂ ಸೋಲುತ್ತಿತ್ತು, ಅದೂ ದಾರಿ ಕಾಣಲೇಬೇಕಾದ ಮಂಜಿನ ತಿರುವಿನಲ್ಲಿ. ಕೊನೆಯ ಆಸರೆಯಾಗಿ ಪೆಡಲ್ ಇತ್ತು. ಎಂಜಿನ್ ಪೂರಾ ಮುಷ್ಕರ ಹೂಡಿದರೂ ಮೊಪೆಡ್ ಸೈಕಲ್ ಆಗಿ, ಭಾರವಾದರೂ, ಮನೆ ಮುಟ್ಟಿಸುತ್ತಿತ್ತು.

ಲೂನಾ ತಯಾರಿಕೆ 2000ದ ದಶಕದ ಆರಂಭದ ವರ್ಷಗಳಲ್ಲಿ ನಿಂತಿತು. ಟಿವಿಎಸ್ ಗಾಡಿ ಪೆಡಲ್ ಕಳೆದುಕೊಂಡು ಉಳಿಯಿತು. 2015ರಲ್ಲಿ ನಾಲ್ಕು ಸ್ಟ್ರೋಕಿನ ಎಕ್ಸ್‌ಎಲ್ 100 ಆಯಿತು. 2020ರ ಬಿಎಸ್-6 ನಿಯಮದೊಂದಿಗೆ ಕಾರ್ಬ್ಯುರೇಟರ್ ಹೋಗಿ ಇಂಧನ ಚಿಮ್ಮಿಸುವ ಎಲೆಕ್ಟ್ರಾನಿಕ್ ವ್ಯವಸ್ಥೆ ಬಂತು. ನೀಲಿ ಹೊಗೆ ಹೋಯಿತು, ಚೋಕ್ ಎಳೆಯುವ ಕಷ್ಟ ಹೋಯಿತು, ಇದು ಲಾಭವೇ. ಆದರೆ ಸಂವೇದಕ ಕೈಕೊಟ್ಟರೆ ಉಜ್ಜುಕಾಗದಿಂದ ಏನೂ ಆಗದು. ಪೇಟೆಯ ವರ್ಕ್‌ಶಾಪಿನ ಕಂಪ್ಯೂಟರಿಗೆ ಜೋಡಿಸಬೇಕು, ಅಲ್ಲಿಯ ತನಕ ಗಾಡಿಯನ್ನು ಹೊತ್ತೊಯ್ಯಬೇಕು. ಕವಲೇದುರ್ಗದ ಆಸುಪಾಸಿನಂಥ ಒಂಟಿಮನೆಗಳ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. 2024ರಲ್ಲಿ ವಿದ್ಯುತ್ ಚಾಲಿತವಾಗಿ ಮರಳಿ ಬಂದ ಇ-ಲೂನಾಕ್ಕೆ ಪ್ಲಗ್ ಇಲ್ಲ, ಎಣ್ಣೆ ಬೆರೆಸುವುದಿಲ್ಲ. ಆದರೆ ಗಾಳಿಮಳೆಗೆ ದಿನಗಟ್ಟಲೆ ಕರೆಂಟು ಹೋಗುವ ಊರಿನಲ್ಲಿ ಅದನ್ನು ಚಾರ್ಜ್ ಮಾಡುವುದು ಹೇಗೆ?

ಹಳೆಯ ಗಾಡಿಯನ್ನು ಇನ್ನೂ ಕೊಟ್ಟಿಗೆಯಲ್ಲಿ ಉಳಿಸಿಕೊಂಡವರಿಗೆ ಮತ್ತೊಂದು ತೊಡಕು ಸೇರಿದೆ. ಈಗಿನ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥೆನಾಲ್ ಇರುತ್ತದೆ. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ. ನೀರು ಮಿತಿ ಮೀರಿದಾಗ ಎರಡೂ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಕಾರ್ಬ್ಯುರೇಟರಿಗೆ ಮೊದಲು ಹೋಗುವುದು ಆ ತಳದ ನೀರೇ. ಆದ್ದರಿಂದ ದಿನವೂ ಓಡುವ ಗಾಡಿಯ ಟ್ಯಾಂಕನ್ನು ಮಳೆಗಾಲದಲ್ಲಿ ತುಂಬಿಯೇ ಇಡುವುದು ಒಳಿತು, ಒಳಗೆ ತೇವದ ಗಾಳಿಗೆ ಜಾಗ ಕಡಿಮೆ. ವಾರಗಟ್ಟಲೆ ನಿಲ್ಲಿಸುವ ಗಾಡಿಯಾದರೆ, ಮೃಗಶಿರ ಮಳೆ ಹಿಡಿಯುವ ಮುನ್ನವೇ ಟ್ಯಾಂಕನ್ನೂ ಕಾರ್ಬ್ಯುರೇಟರನ್ನೂ ಪೂರ್ತಿ ಬರಿದು ಮಾಡಬೇಕು.