ನೆರೆಹೊರೆಯ ಲೆಕ್ಕಪುಸ್ತಕ

ಊರಲ್ಲಿ ಇರುವವರಿಗೆ ನೆರೆಹೊರೆ ಎಂಬುದು ಪಿತ್ರಾರ್ಜಿತ ಆಸ್ತಿ ಇದ್ದ ಹಾಗೆ. ಅದನ್ನು ಯಾರೂ ಸಂಪಾದಿಸಬೇಕಾಗಿಲ್ಲ. ಭಜನೆಗೆ ದೇವಸ್ಥಾನದ ಜಗಲಿ ಇದೆ, ಹರಟೆಗೆ ಅರಳಿಕಟ್ಟೆ ಇದೆ, ಇಸ್ಪೀಟಿಗೆ ಯಾರದೋ ಅಂಗಡಿಯ ಹಿಂಬದಿ ಇದೆ. ಯಾರಿಗೆ ಯಾವುದರಲ್ಲಿ ಆಸಕ್ತಿ ಅಂತ ಕೇಳಿ ಬರೆದುಕೊಳ್ಳುವ ಪ್ರಮೇಯವೇ ಬರುವುದಿಲ್ಲ. ಊರು ಬಿಟ್ಟು ಬಂದವರ ಕತೆ ಹಾಗಲ್ಲ. ಮುಂಬೈಯಂಥ ಶಹರಕ್ಕೆ ಬಂದವನು ದುಡ್ಡು ಕೊಟ್ಟರೆ ಖೋಲಿ ಹಿಡಿಯಬಹುದು. ನೆರೆಯನ್ನು ಮಾತ್ರ ತಾನೇ ಕಟ್ಟಿಕೊಳ್ಳಬೇಕು.

ಈ ಕಟ್ಟುವ ಕೆಲಸವನ್ನು ಈಗ ಮೊಬೈಲಿನ ಆ್ಯಪ್ ಮಾಡಿಕೊಡುತ್ತದೆ ಎನ್ನುತ್ತಾರೆ. ನಿಮ್ಮ ಹೆಸರು, ಮನೆ ನಂಬರು, ಆಸಕ್ತಿ ತುಂಬಿದರೆ ಸಾಕು, ಸುತ್ತಮುತ್ತಲಿನ ಸಮಾನಮನಸ್ಕರನ್ನು ಅದೇ ಹುಡುಕಿ ಒಂದು ಗುಂಪು ಮಾಡುತ್ತದಂತೆ. ನಾನು ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ಕಳೆದವನು. ಹೊಸ ಖಾತೆ ಕಂಡ ಕೂಡಲೇ ಹಿಂದಿನ ಬಾಕಿ ಎಷ್ಟು ಅಂತ ಹಳೆಯ ಲೆಡ್ಜರು ತಿರುವಿ ನೋಡುವುದು ನಮ್ಮ ಕಸುಬಿನ ಚಟ. ಆದ್ದರಿಂದ ಆ್ಯಪಿನ ಮಾತಿಗೆ ಬರುವ ಮುಂಚೆ ನೂರಿಪ್ಪತ್ತು ವರ್ಷ ಹಿಂದಕ್ಕೆ ಹೋಗೋಣ.

ಮುಂಬೈಯಲ್ಲಿ ಕರಾವಳಿಯವರು ಕಟ್ಟಿದ ಹಳೆಯ ಸಂಸ್ಥೆಗಳಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ ಒಂದು. ಅದು ಹುಟ್ಟಿದ್ದು 1902ರಲ್ಲಿ. ಕೊಂಕಣ ರೈಲು ಪೂರ್ತಿಯಾಗಿ ಓಡಲು ಶುರುವಾದದ್ದು 1998ರಲ್ಲಿ. ಆ ಕಾಲಕ್ಕೆ ಅದರ ಕನಸೂ ಇರಲಿಲ್ಲ. ಕಡಲ ದಾರಿಯಲ್ಲಿ ಬಂದಿಳಿದ ಹುಡುಗನಿಗೆ ಬೇಕಾಗಿದ್ದದ್ದು ಮಲಗಲು ಆರಡಿ ಜಾಗ, ಮನೆಗೆ ಕಾಗದ ಬರೆದುಕೊಡುವ ಒಬ್ಬ ಹಿರಿಯ, ಮತ್ತು ಜ್ವರ ಬಂದರೆ ಗಂಜಿ. ಅಲ್ಲಿ ಯಾರೂ 'ನಿನ್ನ ಆಸಕ್ತಿ ಏನಪ್ಪಾ' ಅಂತ ಕೇಳಿರಲಿಕ್ಕಿಲ್ಲ. ಇದೇ ಮಂಡಳಿ 1908ರಲ್ಲಿ ರಾತ್ರಿ ಶಾಲೆ ಆರಂಭಿಸಿತು. ಹಗಲು ದುಡಿದು ರಾತ್ರಿ ಓದುವುದು ಮುಂಬೈ ಕನ್ನಡಿಗರ ಒಂದು ಪರಂಪರೆಯೇ ಆಯಿತು. ಹೊಟೇಲಿನಲ್ಲಿ ಕಪ್ಪು ಬಸಿ ತೊಳೆದು ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಮುಗಿಸಿ, ಆಮೇಲೆ ಬ್ಯಾಂಕು, ಕಚೇರಿ ಸೇರಿದವರು ನನ್ನ ಶಾಖೆಯಲ್ಲೇ ಇದ್ದರು.

ಲೆಕ್ಕದ ಮನುಷ್ಯನಾದ ನನಗೆ ಇದಕ್ಕಿಂತಲೂ ಕುತೂಹಲ ಹುಟ್ಟಿಸಿದ್ದು ಶ್ರೀಪಾದ ಸುಬ್ರಾವ್ ತಲ್ಮಕಿಯವರ ಕೆಲಸ. ನಮ್ಮ ದೇಶದಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದದ್ದು 1904ರಲ್ಲಿ. ಎರಡೇ ವರ್ಷದಲ್ಲಿ, 1906ರ ಡಿಸೆಂಬರಿನಲ್ಲಿ, ಕೆನರಾ ಕಡೆಯಿಂದ ಬಂದ ಚಿತ್ರಾಪುರ ಸಾರಸ್ವತರನ್ನು ಕೂಡಿಸಿಕೊಂಡು ಅವರು ಶ್ಯಾಮರಾವ್ ವಿಠ್ಠಲ್ ಸಹಕಾರಿ ಪತ್ತಿನ ಸಂಘ ತೆರೆದರು. ಅದು ಇಂದಿಗೂ ಬ್ಯಾಂಕಾಗಿ ನಡೆಯುತ್ತಿದೆ. 1911ರಲ್ಲಿ ಕೆನರಾ ಸಾರಸ್ವತ ಅಸೋಸಿಯೇಷನ್ ಬಂತು. 1915ರಲ್ಲಿ ಗಾಮ್‌ದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘ. ಇವತ್ತು ಮುಂಬೈಯ ಪ್ರತಿ ಗೇಟಿನ ಮೇಲೂ ಕಾಣುವ 'ಕೋ-ಆಪರೇಟಿವ್ ಹೌಸಿಂಗ್ ಸೊಸೈಟಿ' ಎಂಬ ಬೋರ್ಡಿಗೆ ಮೂಲಪುರುಷ ಅಂದರೆ ಅದೇ. ಅಲ್ಲಿಯ ಕ್ರಮ ನೋಡಿ: ಮೊದಲು ಪರಸ್ಪರ ಸಾಲ ಕೊಟ್ಟುಕೊಂಡರು, ಆಮೇಲೆ ಕೂತು ಮಾತಾಡಲು ಸಂಘ ಮಾಡಿಕೊಂಡರು, ಕೊನೆಗೆ ಒಂದೇ ಕಟ್ಟಡದಲ್ಲಿ ನೆರೆಯವರಾದರು. ನಾವು ಈಗ ಮಾಡುವುದು ಇದರ ಉಲ್ಟಾ. ಮೊದಲು ಒಂದೇ ಕಟ್ಟಡಕ್ಕೆ ಬರುತ್ತೇವೆ, ಆಮೇಲೆ ಪಕ್ಕದವರು ಯಾರು ಅಂತ ಹುಡುಕುತ್ತೇವೆ.

ಹೀಗೆ ಮೊದಲು ಹುಟ್ಟಿದವೆಲ್ಲ ಜಾತಿಯ, ಸೀಮೆಯ ಸಂಘಗಳು. 1927ರಲ್ಲಿ ಬಂಟರ ಸಂಘ, 1932ರಲ್ಲಿ ಬಿಲ್ಲವರ ಅಸೋಸಿಯೇಷನ್ ಬಂದವು. ಇದನ್ನು ಸಂಕುಚಿತ ಅಂತ ಇವತ್ತು ಹೇಳಿಬಿಡುವುದು ಸುಲಭ. ಆದರೆ ಆಗ ಗುರುತಿನ ಚೀಟಿ ಇರಲಿಲ್ಲ, ಜಾಮೀನಿಗೆ ಮನೆತನದ ಹೆಸರೇ ಆಧಾರ. ನಮ್ಮ ಬ್ಯಾಂಕಿನಲ್ಲೂ ಬಹಳ ಕಾಲ ಹೊಸ ಖಾತೆ ತೆರೆಯಲು ಹಳೆಯ ಖಾತೆದಾರನೊಬ್ಬನ ಪರಿಚಯದ ಸಹಿ ಬೇಕಾಗುತ್ತಿತ್ತು. ಸಂಘ ಮಾಡಿದ್ದೂ ಅದನ್ನೇ. 'ಈತನನ್ನು ಬಲ್ಲೆ' ಎಂದು ಸಹಿ ಹಾಕಿತು.

ನಡುವೆ ಇನ್ನೊಂದು ಬಗೆಯ ಕೂಟವೂ ಬೆಳೆಯಿತು. 1926ರಲ್ಲಿ ಮೈಸೂರು ಅಸೋಸಿಯೇಷನ್, 1933ರಲ್ಲಿ ಕರ್ನಾಟಕ ಸಂಘ. ಎರಡೂ ಮಾಟುಂಗ ಸುತ್ತಿನವು. ಮೊದಲನೆಯದರ ಹೆಸರು ಒಂದು ಸಂಸ್ಥಾನದ್ದು. ಎರಡನೆಯದರ ಹೆಸರು ಇನ್ನೂ ಹುಟ್ಟದ ರಾಜ್ಯದ್ದು! ಉತ್ತರ ಕನ್ನಡ, ಧಾರವಾಡದವರು ಮುಂಬೈ ಪ್ರಾಂತದ ಪ್ರಜೆಗಳು, ದಕ್ಷಿಣ ಕನ್ನಡದವರು ಮದ್ರಾಸಿನವರು, ಕಲಬುರ್ಗಿಯವರು ನಿಜಾಮರ ಹೈದರಾಬಾದಿನವರು ಎಂದಿದ್ದ ಕಾಲ ಅದು. ಏಕೀಕರಣವಾದದ್ದು 1956ರಲ್ಲಿ, ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ. ಅದಕ್ಕೂ ನಲವತ್ತು ವರ್ಷ ಮೊದಲೇ ಪರವೂರಿನ ಒಂದು ಬೋರ್ಡಿನ ಮೇಲೆ ಆ ಹೆಸರಿತ್ತು. ಜಾತಿಯಿಂದ ಭಾಷೆಗೆ ದಾಟಿದ ಈ ಹೆಜ್ಜೆ ದೊಡ್ಡದು. ನಾಟಕ, ಸಂಗೀತ, ಪುಸ್ತಕ ಅಂತ ಆಸಕ್ತಿಯ ಮಾತು ಮುಂಬೈ ಕನ್ನಡಿಗರ ನಡುವೆ ಗಟ್ಟಿಯಾಗಿ ಕೇಳಿಸತೊಡಗಿದ್ದು ಇಂಥ ಕೂಟಗಳಲ್ಲಿ.

ನಾನು ವರ್ಗವಾಗಿ ಮುಂಬೈಗೆ ಬಂದದ್ದು 1986ರಲ್ಲಿ. ಮೊದಲ ಎರಡು ವರ್ಷ ಮಾಟುಂಗದಲ್ಲಿ ಪೇಯಿಂಗ್ ಗೆಸ್ಟ್. ಸಂಜೆ ಚಪ್ಪಲಿ ಮೆಟ್ಟಿ ಹೊರಟರೆ ಹತ್ತು ನಿಮಿಷಕ್ಕೆ ಒಂದು ಕನ್ನಡ ಕಾರ್ಯಕ್ರಮ ಸಿಗುತ್ತಿತ್ತು. ಮದುವೆಯಾದ ಮೇಲೆ ಡೊಂಬಿವಲಿ, ಆಮೇಲೆ ಸಾಲ ಮಾಡಿ ಠಾಣೆಯಲ್ಲಿ ಫ್ಲ್ಯಾಟು. ನನ್ನಂತೆಯೇ ಸಾವಿರಾರು ಮಂದಿ ವಸಯಿ, ಮೀರಾ ರೋಡ್, ನವಿ ಮುಂಬೈ ಕಡೆ ಚದುರಿದರು. ಸಂಘದ ಕಟ್ಟಡ ಇದ್ದಲ್ಲೇ ಉಳಿಯಿತು, ಸದಸ್ಯರು ದೂರವಾದರು. ಚಾಳಿನಲ್ಲಿ ಇದ್ದಾಗ ಬಾಗಿಲು ರಾತ್ರಿ ಮಾತ್ರ ಮುಚ್ಚುತ್ತಿತ್ತು. ಫ್ಲ್ಯಾಟಿನಲ್ಲಿ ಅದು ಬೆಲ್ ಮಾಡಿದರೆ ಮಾತ್ರ ತೆರೆಯುತ್ತದೆ. ಲೋಕಲ್ ಗಾಡಿಯಲ್ಲಿ ಜೋತುಬಿದ್ದು ಮನೆ ಸೇರಿದವನಿಗೆ ಮತ್ತೆ ಮಾಟುಂಗಕ್ಕೆ ಹೋಗುವ ತ್ರಾಣ ಎಲ್ಲಿಂದ ಬರಬೇಕು?

ಇದು ನಮ್ಮೊಬ್ಬರ ಪಾಡು ಅಂದುಕೊಂಡಿದ್ದೆ, ಅಲ್ಲ. ಅಮೆರಿಕದ ರಾಬರ್ಟ್ ಪಟ್ನಮ್ ಎಂಬ ಪ್ರಾಧ್ಯಾಪಕರು 2000ದಲ್ಲಿ ಇದರ ಬಗ್ಗೆಯೇ ಪುಸ್ತಕ ಬರೆದರು. ಅಲ್ಲಿಯ ಜನ ಬೌಲಿಂಗ್ ಆಟ ಆಡುವುದನ್ನು ಬಿಟ್ಟಿಲ್ಲ, ಆದರೆ ತಂಡ ಕಟ್ಟಿಕೊಂಡು ಆಡುವುದನ್ನು ಬಿಟ್ಟಿದ್ದಾರೆ ಎಂಬುದು ಅವರ ದೂರು. ಮರುವರ್ಷ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಅವಳಿ ಕಟ್ಟಡ ಉರುಳಿದವು. ಅಲ್ಲಿಯವರೆಗೆ ಮುಖ ನೋಡದಿದ್ದ ನೆರೆಯವರು ಆ ದಿನಗಳಲ್ಲಿ ಒಬ್ಬರನ್ನೊಬ್ಬರು ಮಾತಾಡಿಸತೊಡಗಿದ್ದು ಸ್ಕಾಟ್ ಹೈಫರ್‌ಮನ್ ಎಂಬವರ ಮನಸ್ಸಿಗೆ ನಾಟಿತು. ಅವರು ಗೆಳೆಯರ ಜೊತೆ ಸೇರಿ 2002ರಲ್ಲಿ 'ಮೀಟಪ್' ಶುರು ಮಾಡಿದರು. ಒಂದೇ ಹವ್ಯಾಸದ, ಒಂದೇ ಊರಿನ ಅಪರಿಚಿತರನ್ನು ಕಂಪ್ಯೂಟರಿನಲ್ಲಿ ಹುಡುಕಿ, ಕಂಪ್ಯೂಟರ್ ಬಿಟ್ಟು ಹೊರಗೆ ಎಲ್ಲಾದರೂ ಭೇಟಿ ಮಾಡಿಸುವುದು ಅದರ ಕೆಲಸ. 2011ರಲ್ಲಿ ಅದೇ ದೇಶದಲ್ಲಿ 'ನೆಕ್ಸ್ಟ್‌ಡೋರ್' ಬಂತು. ಸೇರಬಯಸುವವನು ನಿಜವಾಗಿಯೂ ಆ ಬೀದಿಯವನೇ ಎಂದು ತಿಳಿಯಲು ಅವರು ಮನೆ ವಿಳಾಸಕ್ಕೆ ಅಂಚೆ ಕಾರ್ಡು ಕಳಿಸಿ, ಅದರಲ್ಲಿದ್ದ ಗುಟ್ಟಿನ ಸಂಖ್ಯೆ ಕೇಳುತ್ತಿದ್ದರು. ಓದಿದಾಗ ನಗು ಬಂತು. ನಮ್ಮ ಪರಿಚಯದ ಸಹಿಯೇ ಅಲ್ಲಿ ಅಂಚೆ ಕಾರ್ಡಾಗಿತ್ತು.

ನಮ್ಮ ದೇಶದಲ್ಲಿ ಇಂಥದ್ದೊಂದು ಮುಂಬೈಯಿಂದಲೇ ಶುರುವಾಯಿತು. 2018ರ ಮೇ ತಿಂಗಳಲ್ಲಿ ಗೂಗಲ್ 'ನೇಬರ್ಲಿ' ಎಂಬ ಆ್ಯಪನ್ನು ಮೊದಲು ಇಲ್ಲಿ ಬಿಟ್ಟಿತು, ಆ ವರ್ಷದ ಕೊನೆಗೆ ಬೆಂಗಳೂರು, ದೆಹಲಿಗೂ ಒಯ್ದಿತು. ಹತ್ತಿರದಲ್ಲಿ ಒಳ್ಳೆಯ ಟ್ಯೂಷನ್ ಎಲ್ಲಿ, ಮಕ್ಕಳಿಗೆ ಆಡಲು ಪಾರ್ಕ್ ಯಾವುದು ಅಂತ ಕೇಳಿದರೆ ಆಸುಪಾಸಿನವರು ಉತ್ತರ ಕೊಡುತ್ತಿದ್ದರು. ಹೊಸದಾಗಿ ನಿವೃತ್ತನಾಗಿದ್ದ ನಾನೂ ಉತ್ಸಾಹದಿಂದ ಸೇರಿಕೊಂಡೆ. ಉತ್ತರಗಳು ಸಿಕ್ಕವು, ಉತ್ತರಿಸಿದವರು ಸಿಗಲಿಲ್ಲ. ಸುರಕ್ಷತೆಗೆಂದು ಪೂರ್ತಿ ಹೆಸರು ತೋರಿಸುವ ಕ್ರಮವೇ ಅದರಲ್ಲಿ ಇರಲಿಲ್ಲ. 2020ರ ಮೇ ತಿಂಗಳಲ್ಲಿ ಗೂಗಲ್ ಅದನ್ನು ಮುಚ್ಚಿತು. ಲಾಕ್‌ಡೌನಿನ ನಡುವೆ, ಹಾಲು ತಂದುಕೊಡಲು, ಔಷಧಿ ಮುಟ್ಟಿಸಲು ನೆರೆಯವನೇ ಗತಿ ಎಂದಿದ್ದ ಹೊತ್ತಿನಲ್ಲಿ. ಅಂಗಡಿ ಅವರದು, ಮುಚ್ಚುವ ಹಕ್ಕೂ ಅವರದೇ.

ಇಷ್ಟು ಹಳೆಯ ಬಾಕಿ ಓದಿ ಹೇಳಿದ ಮೇಲೆ ನಮ್ಮ ಕಾಂಪ್ಲೆಕ್ಸಿನ ವಿಷಯ. ಏಳು ಟವರುಗಳ ವಸತಿ. 2023ರಲ್ಲಿ ಮೂವರು ಇಂಜಿನಿಯರ್ ಮಕ್ಕಳು ಇಲ್ಲಿಗಷ್ಟೇ ಸೀಮಿತವಾದ ಒಂದು ಸಣ್ಣ ಆ್ಯಪ್ ಬರೆಯಲು ಹೊರಟರು. ಅವರಲ್ಲಿ ಒಬ್ಬಳು ಹಾಸನದ ಕಡೆಯ ಹುಡುಗಿ. ನಾನು ಸೊಸೈಟಿಯ ಲೆಕ್ಕ ನೋಡುತ್ತೇನೆಂದು ತಿಳಿದು ಸಲಹೆ ಕೇಳಲು ಮನೆಗೆ ಬಂದಳು.

ಅವರ ಲೆಕ್ಕಾಚಾರ ಅಚ್ಚುಕಟ್ಟಾಗಿತ್ತು. ಟವರು, ಆಡುವ ಭಾಷೆ, ಮೂರು ಆಸಕ್ತಿ, ಬಿಡುವಿನ ವೇಳೆ ಇಷ್ಟನ್ನು ತುಂಬಬೇಕು. ಐದು ಜನರ ಆಸಕ್ತಿಯೂ ವೇಳೆಯೂ ಕೂಡಿಬಂದರೆ ಐವರಿಗೂ ಸೂಚನೆ ಹೋಗುತ್ತದೆ. ಐವರೂ ಒಪ್ಪಿದ ಮೇಲೆಯೇ ಹೆಸರುಗಳು ಕಾಣುವುದು. ನಾನು ಮೂರು ಮಾತು ಸೇರಿಸಿದೆ. ಹೊಸಬರಿಗೆ ಒಬ್ಬ ಪರಿಚಯದವರು ಇರಲಿ. ಪ್ರತಿ ಕೂಟಕ್ಕೆ ಒಬ್ಬ ಸಂಚಾಲಕ ಇರಲಿ, ಮೂರು ತಿಂಗಳಿಗೆ ಬದಲಾಗಲಿ. ತಿಂಗಳಿಗೆ ಇಪ್ಪತ್ತು ರೂಪಾಯಿ ಚಂದಾ ಇರಲಿ, ಅದಕ್ಕೆ ರಸೀದಿ ಕೊಡಲಿ.

'ದುಡ್ಡು ಕೇಳಿದ್ರೆ ಯಾರೂ ಬರಲ್ಲ ಅಂಕಲ್. ಮೀಟಪ್‌ನವರು 2005ರಲ್ಲಿ ಸಂಘಟಕರ ಹತ್ರ ಶುಲ್ಕ ಕೇಳಿದ್ದಕ್ಕೇ ಎಷ್ಟೋ ಗುಂಪುಗಳು ಬಿಟ್ಟುಹೋದ್ವಂತೆ' ಅಂದಳು.

'ಅಲ್ಲಿ ದುಡ್ಡು ಕಂಪನಿಗೆ ಹೋಯ್ತಮ್ಮ. ಇಲ್ಲಿ ಕೂಟದ ಡಬ್ಬಿಗೇ ಬೀಳುತ್ತೆ. ಇಪ್ಪತ್ತು ರೂಪಾಯಿ ಕೊಟ್ಟವರು ಮೂರನೇ ವಾರವೂ ಬರ್ತಾರೆ ನೋಡು' ಅಂದೆ.

ಅರ್ಧ ಒಪ್ಪಿದಳು. ಚಂದಾ ಬೇಕೋ ಬೇಡವೋ ಎಂದು ಆಯಾ ಕೂಟವೇ ತೀರ್ಮಾನಿಸಲಿ ಎಂದು ಬಿಟ್ಟಳು.

ಚೆಸ್, ಯೋಗ, ಗಿಡ ಬೆಳೆಸುವವರು, ಹಳೆಯ ಹಿಂದಿ ಹಾಡಿನವರು ಅಂತ ಒಂಬತ್ತು ಕೂಟಗಳು ಹುಟ್ಟಿದವು. ವರ್ಷ ತುಂಬುವಾಗ ಉಳಿದದ್ದು ನಾಲ್ಕು. ಉಳಿದ ನಾಲ್ಕರಲ್ಲಿ ಮೂರು ಚಂದಾ ಎತ್ತುವವು ಎಂದು ಹೇಳುವಾಗ ನನಗೆ ಸ್ವಲ್ಪ ಜಂಬ ಬಂದರೆ ಕ್ಷಮಿಸಬೇಕು. ಆದರೆ ನಿಜವಾದ ಕಾರಣ ದುಡ್ಡಲ್ಲ. ಸಮಯಕ್ಕೆ ಸರಿಯಾಗಿ ಸೊಸೈಟಿ ಕೋಣೆಯ ಬೀಗ ತೆಗೆದು, ಜಮಖಾನ ಹಾಸಿ, ಬಾರದವನಿಗೆ ಫೋನ್ ಮಾಡುವ ಒಬ್ಬರು ಆ ನಾಲ್ಕರಲ್ಲೂ ಇದ್ದಾರೆ. ಆ ಒಬ್ಬರನ್ನು ಹುಡುಕಿಕೊಡುವ ಆ್ಯಪು ಇನ್ನೂ ಬಂದಿಲ್ಲ.

ಹಾಗಂತ ಆ್ಯಪಿನ ಉಪಕಾರ ಮರೆಯುವಂತಿಲ್ಲ. ಕನ್ನಡ ಬಲ್ಲವರು ಈ ಏಳು ಟವರಿನಲ್ಲಿ ನಾವು ಮೂರು ಮನೆ ಎಂದೇ ಇಷ್ಟು ವರ್ಷ ತಿಳಿದಿದ್ದೆವು. ಅದು ಹದಿನಾಲ್ಕು ಮನೆ ತೋರಿಸಿತು. ಬೀದರಿನವರು, ಕಾರವಾರದವರು, ಸೊಲ್ಲಾಪುರದಲ್ಲೇ ಹುಟ್ಟಿ ಬೆಳೆದವರು. ಯಾರ ಜಾತಿ ಯಾವುದೆಂದು ಆ ಫಾರಮ್ಮಿನಲ್ಲಿ ಅಂಕಣವೇ ಇಲ್ಲ. ಮಾಟುಂಗಕ್ಕೆ ಒಬ್ಬರೇ ಹೋಗಿ ಬರಲಾರದ ಅಜ್ಜಿಯರು ಲಿಫ್ಟಿನಲ್ಲಿ ಇಳಿದು ಬರುತ್ತಾರೆ. ಹಳೆಯ ಸಂಘಗಳ ಸಭೆಗಳಲ್ಲಿ ಹೆಂಗಸರು ಹೆಚ್ಚಾಗಿ ಹಿಂದಿನ ಸಾಲಿನಲ್ಲಿ ಇರುತ್ತಿದ್ದುದನ್ನು ನಾನೇ ಕಂಡಿದ್ದೇನೆ. ನಮ್ಮ ಓದುಕೂಟದಲ್ಲಿ ಅವರದೇ ಕಾರುಬಾರು.

ಕಳೆದುಕೊಂಡದ್ದೂ ಇದೆ. ಹಳೆಯ ಸಂಘ ಕಷ್ಟದ ಮೇಲೆ ಕಟ್ಟಿದ್ದು. ಕಷ್ಟ ಇರುವವರೆಗೆ ಯಾರೂ ಬಿಟ್ಟು ಹೋಗುವಂತಿರಲಿಲ್ಲ. ಆಸಕ್ತಿಯ ಕೂಟಕ್ಕೆ ಆಸಕ್ತಿ ತೀರಿದರೆ ಬಾಗಿಲು ತೆರೆದೇ ಇದೆ. ಕಳೆದ ಮಳೆಗಾಲದಲ್ಲಿ ನಮ್ಮ ಕೂಟದ ಒಬ್ಬ ಹಿರಿಯರು ರಾತ್ರಿ ಎರಡಕ್ಕೆ ಕುಸಿದರು. ಮಗ ಕೆನಡಾದಲ್ಲಿ. ಅವರ ಹೆಂಡತಿ ಫೋನ್ ಮಾಡಿದ್ದು ಓದುಕೂಟದ ಸಂಚಾಲಕಿಗೆ. ಹತ್ತು ನಿಮಿಷದಲ್ಲಿ ನಾಲ್ವರು ಕೆಳಗಿಳಿದು, ಕಾರಿನಲ್ಲಿ ಆಸ್ಪತ್ರೆಗೆ ಸೇರಿಸಿದೆವು. ಅವರು ಉಳಿದರು. ಆ ನಾಲ್ವರನ್ನು ಒಂದು ಕೋಣೆಗೆ ತಂದದ್ದು ಕಾದಂಬರಿಯ ರುಚಿ. ಆ ರಾತ್ರಿ ಮೆಟ್ಟಿಲಿಳಿಸಿದ್ದು 1902ರವರಿಗೆ ಗೊತ್ತಿದ್ದ ಹಳೆಯ ಸಂಗತಿಯೇ. ಇಂಥ ಒಂದು ರಾತ್ರಿ ದಾಟಿದ ಕೂಟ ಆಮೇಲೆ ಬರೀ ಹವ್ಯಾಸದ ಕೂಟವಾಗಿ ಉಳಿಯುವುದಿಲ್ಲ.

ಈ ಪುಸ್ತಕ ಓದುವ ನೀವು ಹೆಚ್ಚಿನವರು ಊರಲ್ಲಿರುವವರು. ನಿಮ್ಮ ಮಗನೋ ಮಗಳೋ ಪುಣೆ, ಹೈದರಾಬಾದಿನಲ್ಲಿ ಇರಬಹುದು. ಫೋನಿನಲ್ಲಿ ಊಟ ಆಯ್ತಾ ಅಂತ ಕೇಳುವಾಗ, ಪಕ್ಕದ ಮನೆಯಲ್ಲಿ ಯಾರಿದ್ದಾರೆ ಅಂತಲೂ ಒಂದು ಮಾತು ಕೇಳಿ ನೋಡಿ.

ಆ್ಯಪ್ ಬರೆದ ಮೂವರಲ್ಲಿ ಇಬ್ಬರು ಈಗ ಬೇರೆ ಊರಿಗೆ ಕೆಲಸಕ್ಕೆ ಹೋಗಿದ್ದಾರೆ. ಹಾಸನದ ಹುಡುಗಿ ರಾತ್ರಿ ಕೂತು ಒಬ್ಬಳೇ ಅದನ್ನು ದುರಸ್ತಿ ಮಾಡುತ್ತಾಳೆ. ಎಷ್ಟು ದಿನ ನಡೆದೀತೋ. ಆದ್ದರಿಂದ ಓದುಕೂಟಕ್ಕೆ ಒಂದು ಇನ್ನೂರು ಪುಟದ ರಟ್ಟಿನ ಪುಸ್ತಕ ತಂದು, ಹದಿನಾಲ್ಕು ಮನೆಯವರ ಹೆಸರು, ಟವರು, ಫೋನ್ ನಂಬರು, ಕೊಟ್ಟ ಚಂದಾ ಎಲ್ಲ ಕೈಯಲ್ಲೇ ಬರೆದಿಟ್ಟಿದ್ದೇನೆ. ಕೋಣೆಯ ಕೀಲಿಯ ಜೊತೆ ಅದೂ ಮೂರು ತಿಂಗಳಿಗೊಮ್ಮೆ ಮನೆ ಬದಲಾಯಿಸುತ್ತದೆ.