ಕಡಲಾಚೆಯ ಪಿಂಚಣಿಗೆ ಮೂರು ಪುರಾವೆ

1839ರ ಜನವರಿ 6ರ ರಾತ್ರಿ ಐರ್ಲೆಂಡಿನ ಮೇಲೆ ಭೀಕರ ಬಿರುಗಾಳಿ ಬೀಸಿತು. ಗುಡಿಸಲುಗಳ ಚಾವಣಿ ಹಾರಿಹೋದವು, ಮರಗಳು ಬುಡಮೇಲಾದವು. ‘ದೊಡ್ಡ ಗಾಳಿಯ ರಾತ್ರಿ’ ಎಂದೇ ಜನರ ನೆನಪಿನಲ್ಲಿ ಉಳಿದ ಈ ಬಿರುಗಾಳಿ, 70 ವರ್ಷಗಳ ಬಳಿಕ ಯಾರೂ ಊಹಿಸದ ಕೆಲಸಕ್ಕೆ ಬಂತು. ಆಗ ಐರ್ಲೆಂಡ್ ಬ್ರಿಟನ್ನಿನ ಭಾಗವೇ ಆಗಿತ್ತು. 1909ರಲ್ಲಿ ಸರ್ಕಾರದ ವೃದ್ಧಾಪ್ಯ ಪಿಂಚಣಿ ಆರಂಭವಾದಾಗ ಹಳ್ಳಿಯ ಮುದುಕರ ಬಳಿ ಜನನ ಪತ್ರ ಇರಲಿಲ್ಲ. ಆ ಗಾಳಿಯನ್ನು ಕಂಡ ನೆನಪಿದೆ ಎಂದು ಹೇಳುವುದೇ 70 ತುಂಬಿದ್ದಕ್ಕೆ ಸಾಕ್ಷಿಯಾಯಿತು.

ಬ್ರಿಟನ್ನಿನಲ್ಲಿ ದುಡಿದು, ಈಗ ಭಾರತ, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ನೆಲೆಸಿ ಅಲ್ಲಿನ ಸರ್ಕಾರಿ ಪಿಂಚಣಿಗೆ ಅರ್ಜಿ ಹಾಕುವವರು ಕೆಲವೊಮ್ಮೆ ತಿಂಗಳುಗಟ್ಟಲೆ ಕಾಯುತ್ತಾರೆ. ಈ ವಿಳಂಬಕ್ಕೆ ಅಂಚೆಯ ದೂರ ಮಾತ್ರ ಕಾರಣವಲ್ಲ. ಪಿಂಚಣಿ ಕೊಡುವ ಸರ್ಕಾರ ಮೂರು ಪ್ರಶ್ನೆಗಳನ್ನು ಕೇಳುತ್ತದೆ: ನಿಮಗೆಷ್ಟು ವಯಸ್ಸು? ಎಷ್ಟು ವರ್ಷ ವಂತಿಗೆ ಕಟ್ಟಿದ್ದೀರಿ? ನೀವಿನ್ನೂ ಬದುಕಿದ್ದೀರಾ? ಮೂರಕ್ಕೂ ಪುರಾವೆ ಒದಗಿಸುವ ಹೊರೆ ಬೀಳುವುದು ವಯಸ್ಸಾದವರ ಮೇಲೆಯೇ.

ವಯಸ್ಸು

1908ರಲ್ಲಿ ಪಿಂಚಣಿ ಕಾಯ್ದೆ ಬಂದಾಗ ಲಾಯ್ಡ್ ಜಾರ್ಜ್ ಬ್ರಿಟನ್ನಿನ ಹಣಕಾಸು ಸಚಿವರು. 1909ರ ಜನವರಿ 1ರಂದು ಮೊದಲ ಪಾವತಿ ನಡೆಯಿತು. 70 ವರ್ಷ ದಾಟಿದ ಬಡವರಿಗೆ ವಾರಕ್ಕೆ ಹೆಚ್ಚೆಂದರೆ 5 ಷಿಲಿಂಗ್. ಅದನ್ನು ಪಡೆಯುವ ಸ್ಥಳ ಊರಿನ ಅಂಚೆ ಕಚೇರಿ. ಅರ್ಜಿದಾರರು ದೇಶದಲ್ಲಿ 20 ವರ್ಷ ವಾಸವಾಗಿರಬೇಕೆಂಬ ಷರತ್ತೂ ಇತ್ತು. ಊರಲ್ಲೇ ಹುಟ್ಟಿ, ಊರಲ್ಲೇ ಮುಪ್ಪಾಗುವವರನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದ ಯೋಜನೆ ಅದು.

ಇಂಗ್ಲೆಂಡಿನಲ್ಲಿ ಜನನ ನೋಂದಣಿ 1837ರಲ್ಲೇ ಶುರುವಾಗಿತ್ತು. ಐರ್ಲೆಂಡಿನಲ್ಲಿ ಎಲ್ಲರ ಜನನವೂ ನೋಂದಣಿಯಾಗತೊಡಗಿದ್ದು 1864ರಲ್ಲಿ. ಹಾಗಾಗಿ ಅಲ್ಲಿಯ ಅರ್ಜಿದಾರರ ವಯಸ್ಸು ತಿಳಿಯಲು ಡಬ್ಲಿನ್‌ನ ದಾಖಲೆ ಕಚೇರಿಯಲ್ಲಿದ್ದ 1841 ಮತ್ತು 1851ರ ಜನಗಣತಿಯ ಹಾಳೆಗಳನ್ನು ಹುಡುಕಬೇಕಾಯಿತು. ಆ ಹಾಳೆಗಳಲ್ಲಿ ಬಹುಪಾಲು 1922ರ ಅಂತರ್ಯುದ್ಧದಲ್ಲಿ ಸುಟ್ಟುಹೋದವು. ಪಿಂಚಣಿಗಾಗಿ ಹುಡುಕಿ ಬರೆದಿಟ್ಟ ಚೀಟಿಗಳೇ ಇಂದು ಅನೇಕ ಐರಿಷ್ ಕುಟುಂಬಗಳ ಪೂರ್ವಜರಿಗೆ ಆಧಾರ.

ಕನ್ನಡ ನಾಡಿನ ಹಿರಿಯರಿಗೆ ಈ ಲೆಕ್ಕ ಹೊಸದಲ್ಲ. ಧಾತು-ಈಶ್ವರ ಬರದಲ್ಲಿ ಹುಟ್ಟಿದವನು, ಪ್ಲೇಗಿನ ವರ್ಷ ಮದುವೆಯಾದವಳು ಎಂದು ಒಂದು ಕಾಲದಲ್ಲಿ ಇಲ್ಲಿಯೂ ವಯಸ್ಸು ಹೇಳುತ್ತಿದ್ದರು. ಮುಂದೆ ಶಾಲೆಗೆ ಸೇರಿಸುವ ದಿನ ಮೇಷ್ಟ್ರು ಅಂದಾಜಿನಿಂದ ಬರೆದ ತಾರೀಖೇ ಎಷ್ಟೋ ಜನರಿಗೆ ಜನ್ಮದಿನವಾಯಿತು. ಹೆಸರಿನದೂ ಇದೇ ಕಥೆ. ಊರು ಮತ್ತು ತಂದೆಯ ಹೆಸರಿನ ಮೊದಲಕ್ಷರಗಳನ್ನು ಸೇರಿಸಿ ಹೆಸರು ಬರೆಯುವ ನಮ್ಮ ಪದ್ಧತಿ, ಮನೆತನದ ಹೆಸರು ಕೇಳುವ ಬ್ರಿಟಿಷ್ ಅರ್ಜಿಗೆ ಸುಲಭವಾಗಿ ಹೊಂದುವುದಿಲ್ಲ. ಪಾಸ್‌ಪೋರ್ಟಿನಲ್ಲಿ ಒಂದು ಬಗೆ, ಹಳೆಯ ಸಂಬಳದ ಚೀಟಿಯಲ್ಲಿ ಇನ್ನೊಂದು ಬಗೆ ಇದ್ದರೆ ಇಬ್ಬರೂ ಒಬ್ಬರೇ ಎಂದು ತೋರಿಸಬೇಕಾಗುತ್ತದೆ.

ವಂತಿಗೆ

1925ರ ಕಾಯ್ದೆಯೊಂದಿಗೆ ವಂತಿಗೆ ಕಟ್ಟಿ ಪಡೆಯುವ ಪಿಂಚಣಿ ಬಂತು. 1942ರಲ್ಲಿ ವಿಲಿಯಂ ಬೆವರಿಜ್ ನೀಡಿದ ವರದಿಯ ಆಧಾರದ ಮೇಲೆ ರೂಪುಗೊಂಡ ರಾಷ್ಟ್ರೀಯ ವಿಮೆ 1948ರ ಜುಲೈ 5ರಂದು ಪೂರ್ಣವಾಗಿ ಜಾರಿಯಾಯಿತು. ಕೆಲಸಗಾರನಿಗೊಂದು ಸಂಖ್ಯೆ, ಒಂದು ಕಾರ್ಡು. ಮಾಲೀಕ ವಾರವಾರವೂ ಅದರ ಮೇಲೆ ಸ್ಟಾಂಪು ಅಂಟಿಸಬೇಕು. ಇದರ ಲೆಕ್ಕ ಇಡಲು ನ್ಯೂಕ್ಯಾಸಲ್ ನಗರದ ಅಂಚಿನ ಲಾಂಗ್‌ಬೆಂಟನ್‌ನಲ್ಲಿ ವಿಶಾಲವಾದ ಕಚೇರಿಯೇ ಎದ್ದಿತು. ಕೋಟಿಗಟ್ಟಲೆ ಜನರ ದುಡಿಮೆ ಅಲ್ಲಿಯ ಹಾಳೆಗಳ ಮೇಲೆ ಸೇರಿತು. ನೌಕರರ ಮಟ್ಟಿಗೆ ಸ್ಟಾಂಪಿನ ಪದ್ಧತಿ ನಿಂತದ್ದು 1975ರಲ್ಲಿ.

ಅದೇ ದಶಕಗಳಲ್ಲಿ ಭಾರತದಿಂದ ವೈದ್ಯರು, ದಾದಿಯರು, ಕಾರ್ಖಾನೆಯ ಕೆಲಸಗಾರರು ಬ್ರಿಟನ್ನಿಗೆ ಹೋದರು. ಕರ್ನಾಟಕದ ವೈದ್ಯಕೀಯ ಕಾಲೇಜುಗಳಲ್ಲಿ ಓದಿದವರೂ ಅವರಲ್ಲಿದ್ದರು. ದುಡಿದಷ್ಟು ವರ್ಷ ವಂತಿಗೆ ಕಟ್ಟಿದರು. ದೇಶ ಬಿಟ್ಟು ಬಂದ ಮಾತ್ರಕ್ಕೆ ಆ ವರ್ಷಗಳ ಹಕ್ಕು ಅಳಿಯುವುದಿಲ್ಲ. 2016ರ ಏಪ್ರಿಲ್ 6ರಿಂದ ಜಾರಿಯಾದ ಹೊಸ ಪಿಂಚಣಿಗೆ ಸಾಮಾನ್ಯವಾಗಿ ಕನಿಷ್ಠ 10 ವರ್ಷಗಳ ವಂತಿಗೆ ಬೇಕು. 2016ರ ನಂತರವೇ ವಂತಿಗೆ ಆರಂಭಿಸಿದವರಿಗೆ ಪೂರ್ಣ ಮೊತ್ತಕ್ಕೆ 35 ವರ್ಷ ಬೇಕು.

ಆದರೆ ದಾಖಲೆ ಸರಿಯಾಗಿದ್ದರೆ ತಾನೇ ಹಕ್ಕು? 2021ರಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ ಹೊರಗೆಡವಿದ ಸಂಗತಿ ಇದು: ಸುಮಾರು 1,34,000 ಪಿಂಚಣಿದಾರರಿಗೆ 100 ಕೋಟಿ ಪೌಂಡಿಗೂ ಹೆಚ್ಚು ಹಣ ಕಡಿಮೆ ಪಾವತಿಯಾಗಿತ್ತು. ತಪ್ಪುಗಳ ಬೇರು 1985ರಷ್ಟು ಹಿಂದಿನದು, ನಷ್ಟವಾದವರಲ್ಲಿ ಹೆಚ್ಚಿನವರು ಮಹಿಳೆಯರು. ಕಚೇರಿಯ ಎದುರೇ ವಾಸಿಸುವವರಿಗೆ ಹೀಗಾದರೆ, ಸಾವಿರಾರು ಮೈಲಿ ದೂರದಲ್ಲಿ ಕುಳಿತವರು ತಮ್ಮ ಲೆಕ್ಕವನ್ನು ತಾವೇ ನೋಡಿಕೊಳ್ಳುವುದು ಅನಿವಾರ್ಯ.

ಇನ್ನೊಂದು ಮಾತನ್ನು ಅನೇಕರು ಅರಿಯರು. ವಯಸ್ಸು ತುಂಬಿದೊಡನೆ ಪಿಂಚಣಿ ತಾನಾಗಿ ಬರುವುದಿಲ್ಲ, ಕೇಳಿ ಪಡೆಯಬೇಕು. ವಿದೇಶದಲ್ಲಿರುವವರ ಅರ್ಜಿಯನ್ನು ಅಂತರರಾಷ್ಟ್ರೀಯ ಪಿಂಚಣಿ ಕೇಂದ್ರ ನೋಡುತ್ತದೆ. ಪಿಂಚಣಿಯ ವಯಸ್ಸಿಗೆ ನಾಲ್ಕು ತಿಂಗಳಿರುವಾಗಲೇ ಅರ್ಜಿ ಹಾಕಬಹುದು. ಆ ವಯಸ್ಸು 2020ರಲ್ಲಿ 66 ತಲುಪಿತು. 2026ರಿಂದ 2028ರೊಳಗೆ ಹಂತಹಂತವಾಗಿ 67ಕ್ಕೆ ಏರುವುದು ಕಾನೂನಿನ ಏರ್ಪಾಡು. ತಡವಾಗಿ ಅರ್ಜಿ ಹಾಕಿದವರು ಹೆಚ್ಚೆಂದರೆ 12 ತಿಂಗಳ ಹಿಂಬಾಕಿ ಕೇಳಬಹುದು.

ಜೀವ

ಪಿಂಚಣಿ ಶುರುವಾದರೂ ಕಾಗದಪತ್ರ ಮುಗಿಯುವುದಿಲ್ಲ. ನವೆಂಬರ್ ಬಂತೆಂದರೆ ಇಲ್ಲಿಯ ಪಿಂಚಣಿದಾರರು ಬ್ಯಾಂಕಿಗೆ ಹೋಗಿ ಲೈಫ್ ಸರ್ಟಿಫಿಕೇಟ್ ಕೊಟ್ಟು ಬರುವುದು ಎಲ್ಲರಿಗೂ ಗೊತ್ತು. 2014ರಲ್ಲಿ ಬಂದ ‘ಜೀವನ್ ಪ್ರಮಾಣ್’ ವ್ಯವಸ್ಥೆಯಿಂದ ಬೆರಳಚ್ಚಿನ ಮೂಲಕವೂ ಇದು ಸಾಧ್ಯವಾಯಿತು. ಬ್ರಿಟನ್ ಕೂಡ ವಿದೇಶದಲ್ಲಿರುವ ತನ್ನ ಪಿಂಚಣಿದಾರರಿಗೆ ಜೀವಿತ ಪತ್ರದ ನಮೂನೆಯನ್ನು ಅಂಚೆಯಲ್ಲಿ ಕಳಿಸುತ್ತದೆ. ಅದಕ್ಕೆ ಸಾಕ್ಷಿಯ ಸಹಿ ಹಾಕಿಸಿ ಹಿಂದಿರುಗಿಸಬೇಕು. ಪತ್ರ ದಾರಿಯಲ್ಲಿ ತಪ್ಪಿಹೋದರೆ ಅಥವಾ ವಿಳಾಸ ಬದಲಾಗಿದ್ದರೆ, ಬದುಕಿರುವವರ ಪಿಂಚಣಿಯೂ ನಿಂತುಬಿಡಬಹುದು. ಮೃತರ ಹೆಸರಿನಲ್ಲಿ ಹಣ ಹೋಗಬಾರದೆಂಬ ಸರ್ಕಾರದ ಎಚ್ಚರಿಕೆ ನ್ಯಾಯವಾದುದೇ. ಆದರೆ ಉತ್ತರ ಬಾರದಿರುವುದಕ್ಕೆ ಸಾವೊಂದೇ ಕಾರಣವಲ್ಲ.

ನಿಂತ ಗಡಿಯಾರ

ಮೂರು ಪುರಾವೆ ಕೊಟ್ಟವರಿಗೂ ಒಂದು ಕೊರತೆ ಉಳಿಯುತ್ತದೆ. ಬ್ರಿಟನ್ನಿನಲ್ಲಿ ಪ್ರತಿ ಏಪ್ರಿಲ್‌ನಲ್ಲಿ ಏರುವ ಪಿಂಚಣಿ, ಭಾರತದಲ್ಲಿ ನೆಲೆಸಿದವರಿಗೆ ಏರುವುದಿಲ್ಲ. ಕೆನಡಾ, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾಗಳಲ್ಲೂ ಹೀಗೆಯೇ. ಅಮೆರಿಕ, ಜಮೈಕಾಗಳಲ್ಲಿರುವವರಿಗೆ ಏರಿಕೆ ಉಂಟು. ಆ ದೇಶಗಳೊಂದಿಗೆ ಒಪ್ಪಂದವಿದೆ. 1989ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋದ ಆನೆಟ್ ಕಾರ್ಸನ್ ಅವರ ಮೂಲ ಪಿಂಚಣಿ 2000ದಲ್ಲಿ ವಾರಕ್ಕೆ 67.50 ಪೌಂಡಿಗೆ ನಿಂತಿತು. 2010ರ ಏಪ್ರಿಲ್‌ನಲ್ಲಿ ಬ್ರಿಟನ್ನಿನೊಳಗಿನವರಿಗೆ ಅದೇ ಪಿಂಚಣಿ 97.65 ಪೌಂಡ್ ಆಗಿತ್ತು. ಕಾರ್ಸನ್ ಮತ್ತು ಸಂಗಡಿಗರು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೂ ಹೋದರು. 2010ರ ಮಾರ್ಚ್ 16ರಂದು 11 ನ್ಯಾಯಾಧೀಶರು ಅವರ ವಿರುದ್ಧವಾಗಿಯೂ 6 ಮಂದಿ ಅವರ ಪರವಾಗಿಯೂ ನಿಂತರು. ಪಿಂಚಣಿ ಏರಿಕೆಯ ಯೋಜನೆ ಮೂಲತಃ ದೇಶದೊಳಗೆ ಬದುಕುವವರಿಗಾಗಿ ರೂಪುಗೊಂಡದ್ದು ಎಂಬುದು ಬಹುಮತದ ವಾದ.

1908ರ ವಾಸದ ಷರತ್ತಿನ ನೆರಳು ನೂರು ವರ್ಷಗಳ ನಂತರದ ಈ ತೀರ್ಪಿನಲ್ಲೂ ಕಾಣುತ್ತದೆ. ವಂತಿಗೆ ಪಡೆಯುವಾಗ ಸರ್ಕಾರ ಕೆಲಸಗಾರನ ಮೂಲ ಊರನ್ನು ಕೇಳಲಿಲ್ಲ. ಪಿಂಚಣಿ ಏರಿಸುವಾಗ ಮಾತ್ರ ವಾಸದ ಊರನ್ನು ಕೇಳುತ್ತದೆ. ಈ ನೀತಿ ಬದಲಾಗುವವರೆಗೆ ಪಿಂಚಣಿದಾರರ ಕೈಯಲ್ಲಿರುವುದು ಇಷ್ಟೇ: ವಿಮಾ ಸಂಖ್ಯೆಯನ್ನು ಜೋಪಾನವಾಗಿಡುವುದು, ವಂತಿಗೆಯ ಲೆಕ್ಕವನ್ನು ನಿವೃತ್ತಿಗೆ ಮೊದಲೇ ತರಿಸಿ ನೋಡುವುದು, ಕಳಿಸಿದ ಪ್ರತಿಯೊಂದು ಕಾಗದದ ನಕಲು ಇಟ್ಟುಕೊಳ್ಳುವುದು, ವಿಳಾಸ ಬದಲಾದ ಕೂಡಲೇ ತಿಳಿಸುವುದು. ಐರ್ಲೆಂಡಿನ ಮುದುಕರಿಗೆ ಬಿರುಗಾಳಿಯ ನೆನಪೇ ಸಾಕ್ಷಿಯಾಯಿತು. ಇಂದಿನ ಕಚೇರಿಗೆ ನೆನಪು ಸಾಲದು, ಕಾಗದವೇ ಬೇಕು.