ಹಳೆಯ ಉತ್ತರದಿಂದ ಹೊಸ ಲೆಕ್ಕಕ್ಕೆ: ಡ್ಯುಯಲ್ ಸಿಂಪ್ಲೆಕ್ಸ್ ನಡೆದುಬಂದ ದಾರಿ

ಲೀನಿಯರ್ ಪ್ರೋಗ್ರಾಮಿಂಗ್‌ನ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಎರಡು ಇಸವಿಗಳನ್ನು ಹಿಡಿದು ಹೊರಡುತ್ತಾರೆ: ಜಾರ್ಜ್ ಡಾಂಟ್ಜಿಗ್ ಸಿಂಪ್ಲೆಕ್ಸ್ ವಿಧಾನ ರೂಪಿಸಿದ 1947, ಬೆಲ್ ಲ್ಯಾಬ್ಸ್‌ನ ನರೇಂದ್ರ ಕರ್ಮಾರ್ಕರ್ ಇಂಟೀರಿಯರ್ ಪಾಯಿಂಟ್ ವಿಧಾನ ಮಂಡಿಸಿದ 1984. ಎರಡೂ ಲೆಕ್ಕವನ್ನು ಮೊದಲಿನಿಂದ ಬಿಡಿಸುವ ಕಥೆಗಳು. ಆದರೆ ತೈಲ ಶುದ್ಧೀಕರಣ ಘಟಕದಲ್ಲೋ ವಿಮಾನಯಾನ ಕಂಪನಿಯಲ್ಲೋ ಲೆಕ್ಕ ಒಮ್ಮೆಗೇ ಮುಗಿಯುವುದಿಲ್ಲ. ನಿನ್ನೆ ಬಿಡಿಸಿದ್ದೇ ಒಂದೆರಡು ಅಂಕಿ ಬದಲಾಗಿ ಇಂದು ಮತ್ತೆ ಎದುರಾಗುತ್ತದೆ. 1984ರ ನಂತರವೂ ಸಿಂಪ್ಲೆಕ್ಸ್ ಉಳಿದುಕೊಂಡದ್ದು ಬಹುಮಟ್ಟಿಗೆ ಈ ಮರುಲೆಕ್ಕದಿಂದಲೇ ಎಂಬುದು ನನ್ನ ವಾದ.

1947ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯ ಜ್ಯಾಕ್ ಲೇಡರ್‌ಮನ್ ತಂಡ, ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ ಒಡ್ಡಿದ್ದ ಆಹಾರ ಸಮಸ್ಯೆಯನ್ನು ಸಿಂಪ್ಲೆಕ್ಸ್‌ನಲ್ಲಿ ಬಿಡಿಸಿತು. 77 ಆಹಾರ ಪದಾರ್ಥ, 9 ಪೋಷಕಾಂಶಗಳ ನಿರ್ಬಂಧ. ಮೇಜಿನ ಮೇಲಿನ ಕೈಯಂತ್ರಗಳಲ್ಲಿ ಇದಕ್ಕೆ ಸುಮಾರು 120 ಆಳುದಿನ ಹಿಡಿಯಿತು. ಮರುದಿನವೇ ಒಂದು ಪದಾರ್ಥದ ಬೆಲೆ ಬದಲಾಗಿದ್ದರೆ? ಅದು ಉತ್ತರದಲ್ಲಿ ಸೇರದ ಪದಾರ್ಥವಾಗಿದ್ದು ಬೆಲೆ ಏರಿದ್ದರೆ ಏನೂ ಮಾಡಬೇಕಿಲ್ಲ. ಇಳಿದಿದ್ದರೆ ಒಂದೇ ಒಂದು ಕಳೆಯುವ ಲೆಕ್ಕದಲ್ಲಿ ಹಳೆಯ ಉತ್ತರ ನಿಲ್ಲುತ್ತದೆಯೇ ಇಲ್ಲವೇ ಎಂದು ತಿಳಿಯುತ್ತದೆ. ನಿಲ್ಲದಿದ್ದರೆ ಅಲ್ಲಿಂದಲೇ ಮುಂದುವರಿಯಬಹುದು. ಅಷ್ಟು ದಿನಗಳ ದುಡಿಮೆಯಿಂದ ಕೈಗೆ ಬಂದ ನಿಜವಾದ ಆಸ್ತಿ ಡಾಲರ್ ಲೆಕ್ಕದ ಉತ್ತರವಲ್ಲ, ಯಾವ ಚರಗಳು ಉತ್ತರದೊಳಗಿವೆ ಎಂದು ಹೇಳುವ ಪಟ್ಟಿ, ಅಂದರೆ ಬೇಸಿಸ್.

ನಿರ್ಬಂಧವೇ ಬದಲಾದಾಗ ತೊಡಕು ಬೇರೆ. ಒಬ್ಬ ಬಡಗಿಯ ಬಳಿ 10 ಹಲಗೆ, 16 ಗಂಟೆ ಇವೆ ಎನ್ನೋಣ. ಮೇಜಿಗೆ ಒಂದು ಹಲಗೆ, ಎರಡು ಗಂಟೆ, ಲಾಭ 3. ಕುರ್ಚಿಗೆ ಒಂದು ಹಲಗೆ, ಒಂದು ಗಂಟೆ, ಲಾಭ 2. ಉತ್ತರ: 6 ಮೇಜು, 4 ಕುರ್ಚಿ, ಲಾಭ 26. ಗಂಟೆಗಳು 22ಕ್ಕೆ ಏರಿದಾಗ ಹಳೆಯ ಬೇಸಿಸ್ 12 ಮೇಜು, ಮೈನಸ್ 2 ಕುರ್ಚಿ ಎನ್ನುತ್ತದೆ. ಅಸಂಬದ್ಧ ಉತ್ತರವೇನೋ ಹೌದು, ಆದರೆ ಹಲಗೆಗೂ ಗಂಟೆಗೂ ಅದು ಕಟ್ಟಿದ ಬೆಲೆಗಳು ಈಗಲೂ ಸಮಂಜಸವಾಗಿವೆ. ಡ್ಯುಯಲ್ ಸಿಂಪ್ಲೆಕ್ಸ್ ಹಿಡಿಯುವುದು ಆ ಬೆಲೆಗಳ ಎಳೆಯನ್ನು. ಕುರ್ಚಿಯನ್ನು ಹೊರಗಿಟ್ಟು, ಮಿಕ್ಕ ಗಂಟೆಗಳನ್ನು ಒಳಗೆ ತಂದರೆ ಒಂದೇ ಹೆಜ್ಜೆಗೆ 10 ಮೇಜು, ಲಾಭ 30. 1954ರಲ್ಲಿ ಕಾರ್ಲ್‌ಟನ್ ಲೆಮ್ಕೆ ಈ ವಿಧಾನವನ್ನು ಪ್ರಕಟಿಸಿದರು, ಇಂಗ್ಲೆಂಡಿನ ಇ. ಎಂ. ಎಲ್. ಬೀಲ್ ಅದೇ ವರ್ಷ ಸ್ವತಂತ್ರವಾಗಿ ಅಲ್ಲಿಗೇ ತಲುಪಿದ್ದರು.

ಅದೇ 1954ರಲ್ಲಿ ಡಾಂಟ್ಜಿಗ್, ಫುಲ್ಕರ್ಸನ್, ಜಾನ್ಸನ್ ಮೂವರೂ 49 ನಗರಗಳನ್ನು ಸುತ್ತುವ ಅತಿ ಕಿರಿದಾದ ದಾರಿಯನ್ನು ಕಂಡುಕೊಂಡರು. ಸಡಿಲ ಲೆಕ್ಕವೊಂದನ್ನು ಬಿಡಿಸುವುದು, ತಪ್ಪು ಸುತ್ತು ಕಂಡರೆ ಅದನ್ನು ತಡೆಯುವ ನಿರ್ಬಂಧ ಸೇರಿಸಿ ಮತ್ತೆ ಬಿಡಿಸುವುದು, ಅದೂ ಕೈಲೆಕ್ಕದಲ್ಲಿ. ಪ್ರತಿ ಸಲ ಮೊದಲಿನಿಂದ ಶುರುಮಾಡಬೇಕಾಗಿದ್ದರೆ ಈ ಕೆಲಸ ಊಹೆಗೂ ನಿಲುಕುತ್ತಿರಲಿಲ್ಲ. 1958ರ ಗೊಮೊರಿ ಛೇದಗಳು, 1960ರ ಲ್ಯಾಂಡ್–ಡಾಯ್ಗ್ ಕವಲೊಡೆಯುವ ವಿಧಾನ ಎರಡೂ ಇದೇ ದಾರಿಯವು. ಪೂರ್ಣಾಂಕ ಉತ್ತರ ಬೇಕೆಂದಾಗ ಒಂದು ಕಟ್ಟಳೆ ಹೆಚ್ಚುತ್ತದೆ, ತಾಯಿಲೆಕ್ಕದ ಬೇಸಿಸ್ ಮರಿಲೆಕ್ಕಕ್ಕೆ ಇಳಿಯುತ್ತದೆ.

ಕಂಪ್ಯೂಟರಿನಲ್ಲಿ ಇದನ್ನು ಸಾಧ್ಯವಾಗಿಸಿದವರ ಹೆಸರು ಕೇಳಿಬರುವುದು ಕಡಿಮೆ. ಬೇಸಿಸ್ ಮ್ಯಾಟ್ರಿಕ್ಸ್‌ನ ಒಂದು ಕಂಬಸಾಲು ಬದಲಾದರೆ ಇಡೀ ವಿಲೋಮವನ್ನು ಮತ್ತೆ ಕಟ್ಟದಂತೆ ಡಾಂಟ್ಜಿಗ್ ಮತ್ತು ವಿಲಿಯಂ ಆರ್ಚರ್ಡ್-ಹೇಸ್ 1954ರಲ್ಲಿ ಅದನ್ನು ಗುಣಲಬ್ಧಗಳ ಸರಣಿಯಾಗಿ ಬರೆದಿಟ್ಟರು. ಬಾರ್ಟಲ್ಸ್–ಗೋಲಬ್ (1969), ಫಾರೆಸ್ಟ್–ಟಾಮ್ಲಿನ್ (1972) ಅದನ್ನು ಎಲ್‌ಯು ವಿಭಜನೆಗೆ ಒಗ್ಗಿಸಿದರು. ಇಷ್ಟಾದರೂ ಡ್ಯುಯಲ್ ಬಹುಕಾಲ ಮರುಲೆಕ್ಕದ ಸಹಾಯಕನಾಗಿಯೇ ಉಳಿಯಿತು. 1992ರಲ್ಲಿ ಫಾರೆಸ್ಟ್ ಮತ್ತು ಗೋಲ್ಡ್‌ಫಾರ್ಬ್ ಅತಿಕಡಿದಾದ ಅಂಚನ್ನು ಹಿಡಿಯುವ ನಿಯಮವನ್ನು ಡ್ಯುಯಲ್‌ಗೆ ಅಳವಡಿಸಿದ ಮೇಲೆ ಅದು ಮೊದಲ ಲೆಕ್ಕಕ್ಕೂ ಯಜಮಾನನಾಯಿತು.

ಇಂಟೀರಿಯರ್ ಪಾಯಿಂಟ್ ಎಡವಿದ್ದು ಈ ಮರುಲೆಕ್ಕದಲ್ಲೇ. ಅದು ಸೀಮೆಗಳಿಂದ ದೂರವಿದ್ದು ನಡುದಾರಿಯಲ್ಲಿ ನಡೆಯುತ್ತದೆ. ಹಳೆಯ ಉತ್ತರವಾದರೋ ಸೀಮೆಯ ಮೇಲೆಯೇ ಕೂತಿರುತ್ತದೆ. ಅಲ್ಲಿಂದ ಹೊರಟರೆ ಹೆಜ್ಜೆಗಳು ಕುಗ್ಗಿ ಲೆಕ್ಕ ತೆವಳತೊಡಗುತ್ತದೆ. ಗೊಂಡ್ಜಿಯೊ 1998ರಲ್ಲಿ, ಯಿಲ್ದಿರಿಮ್ ಮತ್ತು ರೈಟ್ 2002ರಲ್ಲಿ ಇದಕ್ಕೆ ಪರಿಹಾರ ಸೂಚಿಸಿದರು: ಕೊನೆಯ ಉತ್ತರವನ್ನಲ್ಲ, ದಾರಿಯ ನಡುವಿನ, ಇನ್ನೂ ಪೂರ್ತಿ ಮಾಗದ ಒಂದು ಬಿಂದುವನ್ನು ಉಳಿಸಿಟ್ಟುಕೊಂಡು ಅಲ್ಲಿಂದ ಹೊರಡುವುದು. ಇದರಿಂದ ಹೆಜ್ಜೆಗಳೇನೋ ಕಡಿಮೆಯಾಗುತ್ತವೆ. ಆದರೂ ಇಂದಿನ ಪೂರ್ಣಾಂಕ ಸಾಲ್ವರ್‌ಗಳು ಮೊದಲ ದೊಡ್ಡ ಲೆಕ್ಕವನ್ನು ಇಂಟೀರಿಯರ್ ಪಾಯಿಂಟ್‌ನಲ್ಲಿ ಬಿಡಿಸಿದರೂ, ಆ ಉತ್ತರವನ್ನು ಬೇಸಿಸ್ ಆಗಿ ಪರಿವರ್ತಿಸಿಕೊಂಡು ಮುಂದಿನ ಸಾವಿರಾರು ಮರಿಲೆಕ್ಕಗಳನ್ನು ಸಾಮಾನ್ಯವಾಗಿ ಡ್ಯುಯಲ್ ಸಿಂಪ್ಲೆಕ್ಸ್‌ಗೇ ಒಪ್ಪಿಸುತ್ತವೆ.